ಬರಿಗಾಲಿನ ಅಳತೆ

ಮಗಳ ಕಾಲು ಬಾಗಿಲ ಹೊರಗಿನ ಚಪ್ಪಲಿ ಸ್ಟ್ಯಾಂಡಿನಲ್ಲಿ ನಿಂತಿತ್ತು. ಶೂ, ಕಾಲುಚೀಲ ಸಮೇತ. ರಬಾಳೆಯ ಫ್ಯಾಕ್ಟರಿಯಿಂದ ಬಂದು ನನ್ನ ಚಪ್ಪಲಿ ಬಿಡುತ್ತಿದ್ದವಳಿಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಆಮೇಲೆ ಸಿಟ್ಟು ನೆತ್ತಿಗೇರಿತು. ಒಳಗೆ ಹೋದರೆ ಅತ್ತೆ ಅವಳನ್ನು ಸೊಂಟದ ಮೇಲೆ ಎತ್ತಿಕೊಂಡು ಬಚ್ಚಲಿನಿಂದ ಹಾಲಿಗೆ ಬರುತ್ತಿದ್ದರು. ಒಂಬತ್ತು ವರ್ಷದ ಹುಡುಗಿ, ಉದ್ದದಲ್ಲಿ ಅಜ್ಜಿಯ ಭುಜಕ್ಕೆ ಬಂದವಳು, ಕೋತಿಮರಿಯ ಹಾಗೆ ಅವರ ಕುತ್ತಿಗೆಗೆ ಜೋತುಬಿದ್ದಿದ್ದಳು.

"ಇದೆಂತ ಅತ್ತೆ, ಕಾಲು ಹೊರಗೆ?"

"ಅವಳೇ ಇಟ್ಟದ್ದು ಮಾರಾಯ್ತಿ. ನೋವಂತೆ, ಬೇಡವಂತೆ. ನಾನು ಎಂತ ಮಾಡ್ಲಿ, ನೆಲದಲ್ಲಿ ತೆವಳ್ಲಿಕ್ಕೆ ಬಿಡ್ಲಾ?"

ಮಗಳು ನನ್ನ ಕಡೆ ನೋಡದೆಯೇ "ಘರ್ ಮೇ ನಕೋ" ಎಂದಳು. ಮನೆಯಲ್ಲಿ ಕಾಲು ಬೇಡ ಎನ್ನುವುದಕ್ಕೆ ಅವಳ ಭಾಷೆ ಅದು. ನಾವು ಉಡುಪಿ ಕಡೆಯವರು, ಡೊಂಬಿವಲಿಯಲ್ಲಿ ಗಂಡನ ಹೊಟೇಲು. ಅವಳಿಗೆ ಕನ್ನಡ, ತುಳು ಎರಡೂ ಚೆನ್ನಾಗಿ ತಿಳಿಯುತ್ತದೆ. ಉತ್ತರ ಮಾತ್ರ ಹಿಂದಿ, ಮರಾಠಿ ಕಲಸಿದ ಚಿತ್ರಾನ್ನ.

ಅವಳು ಹುಟ್ಟಿದ್ದೇ ಎಡಗಾಲಿನ ಪಾದ ಮತ್ತು ಮೊಣಕಾಲ ಕೆಳಗಿನ ಅರ್ಧ ಭಾಗ ಇಲ್ಲದೆ. ಆ ಅರ್ಧ ಕಾಲಿಗೆ ಮನೆಯಲ್ಲಿ ನಾವು ಇಟ್ಟ ಹೆಸರು ಪುಟ್ಟ ಕಾಲು. ನಡೆಯುವ ವಯಸ್ಸಿಗೆ ಮೊದಲ ಕೃತಕ ಕಾಲು ಬಂತು. ಮಕ್ಕಳು ಬೆಳೆಯುತ್ತಾರೆ, ಕಾಲು ಬೆಳೆಯುವುದಿಲ್ಲ. ಹಾಗಾಗಿ ಬೇರೆ ಮಕ್ಕಳಿಗೆ ಯೂನಿಫಾರ್ಮ್ ಬದಲಾಗುವ ಹಾಗೆ ಇವಳಿಗೆ ಕಾಲು ಬದಲಾಗುತ್ತಲೇ ಬಂದಿದೆ. ಆ ಬೇಸಿಗೆಯಲ್ಲಿ ಬಂದದ್ದು ಹೊಸತು, ಹಿಂದಿನವುಗಳಿಗಿಂತ ಹಗುರ. ಪಾದವೂ ಪುಟ್ಟ ಮಕ್ಕಳದ್ದಲ್ಲ, ದೊಡ್ಡವರ ಮಾದರಿಯದ್ದು. ನೋಡಲು ಎಷ್ಟು ಚೆಂದವಿತ್ತೆಂದರೆ ನಾನು ಅದರ ಫೋಟೋ ತೆಗೆದು ನನ್ನ ತಂಗಿಗೆ ಕಳಿಸಿದ್ದೆ. ಆ ಚೆಂದದ ಕಾಲು ಈಗ ಚಪ್ಪಲಿಗಳ ನಡುವೆ ನಿಂತಿತ್ತು.

ನನಗೆ ಹೆದರಿಕೆಯಾದದ್ದು ನೋವಿಗಲ್ಲ. ನೋವು ಹಿಂದೆಯೂ ಬಂದು ಹೋಗಿದೆ. ಹೆದರಿಕೆಯಾದದ್ದು ಅವಳು ಆರಾಮವಾಗಿ ಅಜ್ಜಿಯ ಸೊಂಟದಲ್ಲಿ ಕುಳಿತಿದ್ದ ರೀತಿಗೆ. ಎತ್ತಿಸಿಕೊಳ್ಳುವುದು ಒಮ್ಮೆ ರೂಢಿಯಾದರೆ ಬಿಡಿಸುವುದು ಕಷ್ಟ. ಇವತ್ತು ಮನೆಯಲ್ಲಿ ಕಾಲು ಬೇಡ ಎಂದವಳು ನಾಳೆ ಮದುವೆಮನೆಯಲ್ಲಿ ಬೇಡ ಎನ್ನುತ್ತಾಳೆ, ಆಮೇಲೆ ಎಲ್ಲೂ ಬೇಡ. ಒಂದೇ ಕಾಲಿನಲ್ಲಿ ಕುಪ್ಪಳಿಸಿ ಆ ಒಳ್ಳೆಯ ಮಂಡಿಯೂ ಹಾಳು. ನನ್ನ ಮಗಳು ತನ್ನ ಕಾಲನ್ನು ಪೂರ್ತಿ ಬಿಟ್ಟುಬಿಡುತ್ತಾಳೆ ಎಂಬುದೇ ನನ್ನ ಹೆದರಿಕೆ.

ಮೊದಲ ಶನಿವಾರವೇ ನೆರೂಳಿಗೆ ಹೊರಟೆವು. ಅಲ್ಲಿ ಒಂದು ಸೆಂಟರಿನಲ್ಲಿ ಅವಳ ಕಾಲು ಮಾಡುವವರಿದ್ದಾರೆ. ಧಾರವಾಡದ ಕಡೆಯವರು. ಮನೆಯಲ್ಲಿ ಅವರು "ಕಾಲಿನ ಸರ್". ಪುಟ್ಟ ಕಾಲನ್ನು ಕೈಯಲ್ಲಿ ಹಿಡಿದು ಅವರು ತಿರುಗಿಸಿ ತಿರುಗಿಸಿ ನೋಡಿದರು. ಮಂಡಿಚಿಪ್ಪಿನ ಸ್ವಲ್ಪ ಕೆಳಗೆ, ಮುಂದುಗಡೆ, ಒಂದು ಕೆಂಪು ಗುರುತು. ಕೆಳತುದಿಯಲ್ಲಿ, ಹಿಂದುಗಡೆ, ಇನ್ನೊಂದು.

"ಯಾವಾಗ ನೋಯ್ತದವ್ವಾ?"

"ಸಂಜೆ ಸರ್," ಎಂದೆ ನಾನು. "ಮನೆಗೆ ಬಂದ ಮೇಲೆ. ಸ್ಕೂಲಲ್ಲಿ ಏನೂ ಇಲ್ಲ ಅಂತಾಳೆ."

"ದಿನಾ ಪೂರ್ತಿ ತಿರಗಿ ದಣಿದಿರ್ತಾಳ್ರಿ," ಎಂದರು. ನನಗೂ ಹಾಗೆಯೇ ಅನ್ನಿಸಿತ್ತು.

ಪುಟ್ಟ ಕಾಲು ಕೂರುವ ಗಟ್ಟಿ ಬಟ್ಟಲಿಗೆ ಸಾಕೆಟ್ ಎನ್ನುತ್ತಾರೆ. ಅವರು ಅದನ್ನು ಆ ಎರಡು ಜಾಗದಲ್ಲಿ ಬಿಸಿಗಾಳಿಯಿಂದ ಕಾಯಿಸಿ, ಒಳಗಿನಿಂದ ಒತ್ತಿ, ಚೂರು ಹೊರಗೆ ಉಬ್ಬಿಸಿದರು. ಮಗಳು ಶೂ ಹಾಕಿಕೊಂಡು ಅಲ್ಲಿನ ಉದ್ದ ಕೋಣೆಯಲ್ಲಿ ಆ ತುದಿಯಿಂದ ಈ ತುದಿಗೆ ನಡೆದಳು. ಎಷ್ಟು ಚೆನ್ನಾಗಿ ನಡೆದಳೆಂದರೆ ದೃಷ್ಟಿ ತೆಗೆಯಬೇಕು. ನಾವು ಠಾಣೆಯಲ್ಲಿ ಗಾಡಿ ಬದಲಿಸಿ ಖುಷಿಯಲ್ಲಿ ಮನೆಗೆ ಬಂದೆವು. ಸೋಮವಾರ ಸಂಜೆ ಕಾಲು ಮತ್ತೆ ಸ್ಟ್ಯಾಂಡಿನಲ್ಲಿ.

ಇನ್ನೊಂದು ಸಲ ಹೋದಾಗ ಒಳಗಿನ ಮೆತ್ತನೆಯ ಲೈನರ್ ಬದಲಾಯಿತು. ಮತ್ತೊಂದು ಸಲ, ಬೆಳೆದಿರಬಹುದೆಂದು ಪ್ಲಾಸ್ಟರಿನ ಅಚ್ಚು ತೆಗೆದು ಹೊಸ ಸಾಕೆಟ್ಟನ್ನೇ ಮಾಡಿದರು. ಅಚ್ಚು ಒಣಗುವಷ್ಟು ಹೊತ್ತು ಮಗಳು ಗೋಡೆ ನೋಡುತ್ತ ಕುಳಿತಿದ್ದಳು. ಪ್ರತಿ ಸಲವೂ ಅದೇ ಕತೆ. ಅಲ್ಲಿ ನವಿಲಿನ ನಡಿಗೆ, ಮನೆಯಲ್ಲಿ ಮುಖ ಊದಿಸಿಕೊಂಡು ಅಜ್ಜಿಯ ಸೊಂಟ. ಕೆಂಪು ಗುರುತುಗಳೂ ಹಠಮಾರಿಗಳು, ಅದೇ ಜಾಗಕ್ಕೆ ವಾಪಸು ಬರುತ್ತಿದ್ದವು.

ಕೊನೆಗೆ ನನಗೆ ಸಂಶಯ ಬಂತು, ಇದೆಲ್ಲ ನಾಟಕವೇ? ಸ್ಕೂಲಿನಲ್ಲಿ ಇಲ್ಲದ ನೋವು ಹೊಸ್ತಿಲು ದಾಟಿದ ಕೂಡಲೇ ಹೇಗೆ ಬರುತ್ತದೆ? ರಾತ್ರಿ ಊಟದವರೆಗೆ ಕಾಲು ತೆಗೆಯುವ ಹಾಗಿಲ್ಲ ಎಂದು ಕಾನೂನು ಮಾಡಿದೆ. ಗಂಡ ಗಲ್ಲಾದಿಂದಲೇ ಫೋನಿನಲ್ಲಿ "ಸ್ವಲ್ಪ ಮೆಲ್ಲ ಹೇಳು" ಎಂದರು. ನಾನು ಅವರಿಗೂ ಸೇರಿಸಿ ಬೈದೆ. ಅದೇ ವಾರ ಮಗಳು ಅಡುಗೆಮನೆಯ ಕಪಾಟಿನಿಂದ ಅವಲಕ್ಕಿ ಡಬ್ಬಿ ಇಳಿಸಲು ಹೋದವಳು ಹಿಂದಕ್ಕೆ ಬಿದ್ದಳು. ಮುಗ್ಗರಿಸಿದ್ದಲ್ಲ, ಜಾರಿದ್ದಲ್ಲ. ನಿಂತಲ್ಲೇ, ಯಾರೋ ಎದೆಗೆ ಕೈಯಿಟ್ಟು ದೂಡಿದ ಹಾಗೆ ಹಿಂದಕ್ಕೆ. ಅವಲಕ್ಕಿ ಮನೆಯಿಡೀ. ಪೆಟ್ಟು ದೊಡ್ಡದಾಗಿರಲಿಲ್ಲ, ಆದರೆ ಅತ್ತೆಯ ಬಾಯಿ ತೆರೆಯಿತು.

"ಇನ್ನು ಈ ಮನೆಯೊಳಗೆ ಆ ಕಾಲು ಬೇಡ. ನನ್ನ ಸೊಂಟ ಇರುವಷ್ಟು ದಿನ ನಾನು ಎತ್ತಿಕೊಳ್ತೇನೆ. ಆಯ್ತಲ್ಲ?"

ಮಗಳು ಅಜ್ಜಿಯ ಸೆರಗಿನಲ್ಲಿ ಮುಖ ಹುದುಗಿಸಿದಳು. ನಾನು ಅವಲಕ್ಕಿ ಗುಡಿಸಿದೆ. ಸೋತೆ ಅನ್ನಿಸಿತು, ಅದನ್ನು ಮುಚ್ಚಿಡುವುದೇನು.

ಫ್ಯಾಕ್ಟರಿಯಲ್ಲಿ ನನ್ನ ಕೆಲಸ ಕ್ವಾಲಿಟಿ ಇನ್ಸ್‌ಪೆಕ್ಷನ್. ಪಂಪುಗಳ ಒಳಗೆ ಶಾಫ್ಟ್ ಎಂಬ ಉಕ್ಕಿನ ದಂಡ ತಿರುಗಲು ಬುಶ್ ಎಂಬ ಚಿಕ್ಕ ಲೋಹದ ಕೊಳವೆ ಇರುತ್ತದೆ. ಅದನ್ನು ಅಳೆದು ಪಾಸು ಅಥವಾ ರಿಜೆಕ್ಟ್ ಹೇಳುವುದು ನನ್ನ ಹೊಟ್ಟೆಪಾಡು. ಆ ವಾರ ಒಬ್ಬ ಗಿರಾಕಿ ಸವೆದ ಬುಶ್‌ಗಳನ್ನು ವಾಪಸು ಕಳಿಸಿದ್ದ. ಮಾಲು ಕಳಪೆ ಎಂದು ದೂರು. ಒಂದನ್ನು ಸೀಳಿಸಿ ಬೆಳಕಿಗೆ ಹಿಡಿದೆ. ಮೇಲ್ತುದಿಯಲ್ಲಿ ಒಂದು ಬದಿ ಸವೆದಿತ್ತು. ಕೆಳತುದಿಯಲ್ಲಿ ಅದರ ಎದುರು ಬದಿ. ನಡುವೆ ಎಲ್ಲ ನುಣ್ಣಗೆ.

ನಮ್ಮ ಕೆಲಸದಲ್ಲಿ ಇದು ಮೊದಲ ವರ್ಷವೇ ಕಲಿಯುವ ಪಾಠ. ಹೀಗೆ ಎದುರುಬದುರು ಸವೆದರೆ ಬುಶ್ ತಪ್ಪಲ್ಲ. ಅದರೊಳಗಿನ ಶಾಫ್ಟ್ ನೆಟ್ಟಗೆ ನಿಂತಿಲ್ಲ, ವಾಲಿದೆ. ಬುಶ್ಶನ್ನು ಎಷ್ಟು ಸಲ ಬದಲಿಸಿದರೂ ಅಲ್ಲೇ ಸವೆಯುತ್ತದೆ. ರಿಪೋರ್ಟಿನಲ್ಲಿ ಅದನ್ನೇ ಬರೆಯಲು ಕುಳಿತೆ, ಅರ್ಧ ವಾಕ್ಯಕ್ಕೆ ಕೈ ನಿಂತಿತು. ಮೇಲೆ, ಮುಂದುಗಡೆ ಒಂದು. ಕೆಳಗೆ, ಹಿಂದುಗಡೆ ಒಂದು. ಇಷ್ಟು ದಿನ ನಾನೂ ಕಾಲಿನ ಸರ್‌ರೂ ಸೇರಿ ಸಾಕೆಟ್ ಎಂಬ ಬುಶ್ಶನ್ನೇ ಬದಲಿಸುತ್ತ ಕೂತಿದ್ದೆವು!

ಮನೆಗೆ ಬಂದವಳು ಚಹಾ ಕೂಡ ಕುಡಿಯದೆ ಸ್ಟ್ಯಾಂಡಿನಿಂದ ಕಾಲನ್ನು ಎತ್ತಿಕೊಂಡು ಬಂದು ಹಾಲಿನ ಟೈಲ್ಸ್ ಮೇಲೆ ನಿಲ್ಲಿಸಿದೆ. ಪಕ್ಕದಲ್ಲಿ ಒಂದು ದಾರಕ್ಕೆ ನಟ್ ಕಟ್ಟಿ ಇಳಿಬಿಟ್ಟೆ. ಕಾಲು ದಾರಕ್ಕೆ ಸರಿಯಾಗಿ ನೆಟ್ಟಗಿತ್ತು. ಎಲ್ಲ ಸರಿ ಇದೆ. ಹಾಗಾದರೆ ವಾಲುವುದು ಎಲ್ಲಿ? ಮಗಳು ಸೋಫಾದಲ್ಲಿ ಕುಳಿತು ಅಮ್ಮನಿಗೆ ತಲೆ ಕೆಟ್ಟಿದೆ ಎಂಬಂತೆ ನೋಡುತ್ತಿದ್ದಳು.

"ಶೂ ಕಾಢ್ ನಾ," ಎಂದಳು. "ಅಜ್ಜಿ ಓರಡೇಲ್."

ಶೂ ತೆಗೆ, ಅಜ್ಜಿ ಬೈಯುತ್ತಾರೆ. ಮನೆಯೊಳಗೆ ಶೂ ತಂದ ಭಯ ಅವಳಿಗೆ. ಅವಳಿಗಾಗಿ ಶೂ ತೆಗೆದು ಕಾಲನ್ನು ಮತ್ತೆ ನಿಲ್ಲಿಸಿದೆ. ಈ ಸಲ ಅದು ಹಿಂದಕ್ಕೆ ವಾಲಿತು. ಕೈ ಬಿಟ್ಟರೆ ಬೀಳುವಷ್ಟು. ನಾನು ಶೂ ತಿರುಗಿಸಿ ಅದರ ಅಟ್ಟೆಯನ್ನು ಅಳೆದೆ. ಹಿಮ್ಮಡಿಯ ಕಡೆ ಬೆರಳಗಲ ಎತ್ತರ, ಮುಂದೆ ತೆಳು. ಎಲ್ಲ ಸ್ಕೂಲ್ ಶೂಗಳೂ ಹೀಗೇ. ಕಾಲನ್ನು ಆ ಎತ್ತರಕ್ಕೆ ಹೊಂದಿಸಿ ಕಟ್ಟಿದ್ದರು. ಶೂ ಕಳಚಿದರೆ ಹಿಮ್ಮಡಿ ಕೆಳಗಿಳಿದು ಇಡೀ ಕಾಲು ಹಿಂದಕ್ಕೆ ಸರಿಯುತ್ತದೆ, ಮಂಡಿಯನ್ನು ಹಿಂದಕ್ಕೆ ದೂಡುತ್ತದೆ. ಮಗು ದಿನವೂ ಮನೆಯ ಸಪಾಟು ನೆಲದಲ್ಲೇ ಏರು ಹತ್ತುತ್ತಿತ್ತು.

ಹಿಂದಿನ ಕಾಲುಗಳಲ್ಲಿ ಇದು ಆಗಲಿಲ್ಲ, ಏಕೆಂದರೆ ಪುಟ್ಟ ಮಕ್ಕಳ ಪಾದ ಹೆಚ್ಚುಕಡಿಮೆ ಚಪ್ಪಟೆ. ಸೆಂಟರಿನಲ್ಲಿ ಗೊತ್ತಾಗಲಿಲ್ಲ, ಏಕೆಂದರೆ ಅಲ್ಲಿ ಎಲ್ಲರೂ ಶೂ ಹಾಕಿಯೇ ನಡೆಯುತ್ತಾರೆ. ಬೇರೆ ಅಟ್ಟೆಯ ಶೂ ಹಾಕಬೇಡಿ ಎಂದು ಅವರು ಹೇಳಿದ್ದರು, ನಾವೂ ಶಿಸ್ತಾಗಿ ಅದೇ ಶೂ ಕೊಂಡಿದ್ದೆವು. ಬರಿಗಾಲು ಕೂಡ ಒಂದು ಬೇರೆ ಶೂ ಎಂದು ಯಾರಿಗೆ ಹೊಳೆಯುತ್ತದೆ? ಹೊಸ್ತಿಲ ಹೊರಗೆ ಚಪ್ಪಲಿ ಬಿಡುವುದು ನಮಗೆ ಉಸಿರಾಡಿದ ಹಾಗೆ. ಅದರ ಮೇಲೆ ನನ್ನದೇ ಒಂದು ಹೆಚ್ಚುಗಾರಿಕೆ. ಆ ಕಾಲಿಗೊಂದು ಈ ಕಾಲಿಗೊಂದು ನ್ಯಾಯ ಬೇಡ ಎಂದು ಅವಳಿಗೆ ಚಿಕ್ಕಂದಿನಿಂದ ಎರಡೂ ಶೂ ಬಿಚ್ಚಲು ಕಲಿಸಿದವಳು ನಾನೇ. ಎಷ್ಟು ಹೆಮ್ಮೆಯಿಂದ ಕಲಿಸಿದ್ದೆ! ನಾನು ನೆಲದ ಮೇಲೆ ಕುಳಿತು ನಗಲು ಶುರುಮಾಡಿದೆ. ಅತ್ತೆ ಅಡುಗೆಮನೆಯಿಂದ ಬಂದು ನನ್ನ ಹಣೆ ಮುಟ್ಟಿ ನೋಡಿದರು.

ಊಹೆ ಸಾಲದು, ಪರೀಕ್ಷೆಯಾಗಬೇಕು. ಅಂಥದೇ ಹೊಸ ಶೂ ತಂದು, ಹೊರಗಿನ ಧೂಳು ಮುಟ್ಟಿಸದೆ, ಭಾನುವಾರ ಪೂರ್ತಿ ಮನೆಯೊಳಗೆ ಹಾಕಿಸುತ್ತೇನೆ ಎಂದೆ. ಅತ್ತೆಯ ಮುಖ ನೋಡುವ ಹಾಗಿರಲಿಲ್ಲ. ನಮ್ಮ ದೇವರ ಗೂಡು ಅಡುಗೆಮನೆಯಲ್ಲೇ ಇದೆ. ಆದರೂ "ಒಂದು ದಿನಕ್ಕೆ ದೇವರು ಎಂತ ಹೇಳುದಿಲ್ಲ" ಎಂದು ಅವರೇ ಶೂವಿನ ಅಟ್ಟೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಕೊಟ್ಟರು.

ಆ ಭಾನುವಾರ ಮಗಳು ಮನೆಯಲ್ಲಿ ನಡೆದಳು. ಬಾಲ್ಕನಿಗೆ, ಬಚ್ಚಲಿಗೆ, ಅಡುಗೆಮನೆಗೆ. ಮಧ್ಯಾಹ್ನ ಕಾಲು ತೆಗೆದು ನೋಡಿದರೆ ಗುರುತುಗಳು ಮಸುಕಾಗಿದ್ದವು. ಸಂಜೆ ಅವಳು ಕಾಲು ಹಾಕಿಕೊಂಡೇ ಸೋಫಾದಲ್ಲಿ ನಿದ್ದೆ ಹೋದಳು. ಗೆದ್ದೆ ಎಂದುಕೊಂಡೆ. ಇನ್ನೇನು, ಮನೆಗೊಂದು ಜೊತೆ, ಹೊರಗೊಂದು ಜೊತೆ, ಮುಗಿಯಿತು.

"ಮುಗಿಯುದೆಲ್ಲಿ?" ಎಂದರು ಅತ್ತೆ. "ಬರುವ ತಿಂಗಳು ಪಕ್ಕದ ಮನೆಯ ಸತ್ಯನಾರಾಯಣ ಪೂಜೆಗೆ ಎಂತ ಹಾಕಿಸ್ತಿ? ದೇವಸ್ಥಾನಕ್ಕೆ? ಊರಿಗೆ ಹೋದರೆ ಚಾವಡಿಯಲ್ಲಿ ಎಲ್ಲ ಮಕ್ಕಳೂ ಬರಿಗಾಲಲ್ಲಿ ಓಡುವಾಗ ಇವಳೊಬ್ಬಳು ಶೂ ಹಾಕಿ ನಿಲ್ಲುದಾ? ಎಲ್ಲರೂ ಕೇಳ್ತಾರೆ, ನೀನು ಹೇಳ್ತಾ ಕೂತ್ಕೊಳ್ಳುದಾ?"

ನನಗೆ ಸಿಟ್ಟು ಬಂತು. ಕಾಲು ನೆಟ್ಟಗಾಯಿತಲ್ಲ, ಈ ಮುದುಕಿಗೆ ಇನ್ನೇನು ಬೇಕು ಅನ್ನಿಸಿತು. ಮಡಿ ಮೈಲಿಗೆಯ ಮಾತು ಎಂದು ತಳ್ಳಿಹಾಕಬಹುದಿತ್ತು. ಆದರೆ ಅವರು ದೇವರ ಪರ ಮಾತಾಡುತ್ತಿರಲಿಲ್ಲ, ಮೊಮ್ಮಗಳ ಪರ ಮಾತಾಡುತ್ತಿದ್ದರು. ನಾವು ಬದುಕುವುದು ಬರಿಗಾಲಲ್ಲಿ. ಕಾಲನ್ನು ಶೂವಿಗೆ ಹೊಂದಿಸಿ, ಆಮೇಲೆ ಬದುಕನ್ನು ಶೂವಿಗೆ ಹೊಂದಿಸುವುದು ಉಲ್ಟಾ ಲೆಕ್ಕ. ಅಳತೆ ನೆಲದಿಂದ ಶುರುವಾಗಬೇಕು. ಫ್ಯಾಕ್ಟರಿಯಲ್ಲಿ ಯಾರಾದರೂ ಹೀಗೆ ತಪ್ಪು ತುದಿಯಿಂದ ಅಳೆದಿದ್ದರೆ ಅವರನ್ನು ನಾನು ಸುಮ್ಮನೆ ಬಿಡುತ್ತಿರಲಿಲ್ಲ.

ಮುಂದಿನ ಶನಿವಾರ ನೆರೂಳಿನಲ್ಲಿ ಕಾಲಿನ ಸರ್ ನನ್ನ ದಾರ, ನಟ್ಟಿನ ಪ್ರಯೋಗವನ್ನು ಪೂರ್ತಿ ಕೇಳಿದರು. ಒಂದು ಮಾತಿಗೂ ಅಡ್ಡ ಬರಲಿಲ್ಲ. ಆಮೇಲೆ ಮಗಳ ಶೂ ಬಿಚ್ಚಿಸಿ, ಬರಿಗಾಲಲ್ಲಿ ನಡೆಸಿ, ಪಕ್ಕಕ್ಕೆ ಕುಕ್ಕರಗಾಲಲ್ಲಿ ಕುಳಿತು ಅವಳ ಮಂಡಿಯನ್ನೇ ನೋಡಿದರು.

"ಅಕಿ ಮನ್ಯಾಗ ಬರಿಗಾಲ್ಲೇ ಇರ್ತಾಳಂತ ನಾ ಕೇಳಬೇಕಾಗಿತ್ತು ನೋಡ್ರಿ. ನಮ್ಮನ್ಯಾಗೂ ಹಂಗ ಅದ," ಎಂದರು.

ಆಮೇಲೆ ಎರಡು ಪಾದಗಳನ್ನು ತಂದು ಮೇಜಿನ ಮೇಲಿಟ್ಟರು. ಒಂದು ಈಗಿನಂಥದೇ, ಹಗುರ, ಚೆಂದ, ಹೀಲ್ ಇರುವ ಶೂವಿಗೆ ಮಾಡಿದ್ದು. ಮನೆಯೊಳಗೆ ಅಷ್ಟೇ ಎತ್ತರದ ಚಪ್ಪಲಿ ಬೇಕೇ ಬೇಕು. ಇನ್ನೊಂದು ಬರಿಗಾಲಿಗೆಂದೇ ಮಾಡಿದ ರಬ್ಬರಿನ ಪಾದ. ಚಪ್ಪಟೆ, ಒದ್ದೆ ನೆಲದಲ್ಲೂ ಹಿಡಿತ, ಆದರೆ ಭಾರ. ಓಡಿದರೆ ಭಾರ ಗೊತ್ತಾಗುತ್ತದೆ. ಹೊರಗಿನ ಶೂ ಕೂಡ ಹೀಲ್ ಇಲ್ಲದ್ದೇ ಆಗಬೇಕು.

ನಾನು ಎರಡನ್ನೂ ಕೈಯಲ್ಲಿ ತೂಗಿ ನೋಡಿದೆ. ನನ್ನ ಕಣ್ಣು ಹಗುರದ್ದರ ಮೇಲೇ ಇತ್ತು. ಅವಳು ಓಡಬೇಕು ಎಂಬ ಆಸೆ ನನಗೆ. ಓಟದಲ್ಲಿ ಹಿಂದೆ ಬಿದ್ದರೆ? ಬಾಯಿ ತೆರೆಯುವಷ್ಟರಲ್ಲಿ ಸರ್ ನನ್ನ ಕಡೆಯಿಂದ ಮಗಳ ಕಡೆ ತಿರುಗಿದರು.

"ಅವ್ವಾ, ಕಾಲು ಯಾರದು?"

"ಮಾಝಾ," ಎಂದಳು. ನನ್ನದು.

"ಮತ್ತ ನೀನೇ ಹೇಳು."

ಅಷ್ಟು ದಿನವೂ ಅವರ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿದವಳು ನಾನು. ಈಗ ನಾಲಿಗೆ ಕಚ್ಚಿಕೊಂಡು ನಿಂತೆ. ಜೀವಕ್ಕೆ ಬಂತು. ಅವಳು ಎರಡೂ ಪಾದ ಹಾಕಿಸಿಕೊಂಡು ನಡೆದಳು, ಎರಡರಲ್ಲೂ ಓಡಿದಳು. ಭಾರದ್ದರಲ್ಲಿ ಓಡುವಾಗ ಕಾಲು ಚೂರು ಎಳೆದದ್ದು ನನ್ನ ಕಣ್ಣಿಗೆ ಚುಚ್ಚಿತು. ಆಮೇಲೆ ಅವಳು ಯಾರೂ ಹೇಳದ ಒಂದು ಕೆಲಸ ಮಾಡಿದಳು. ರಬ್ಬರಿನ ಪಾದದಲ್ಲಿ, ಬರಿಗಾಲಲ್ಲಿ, ಗೋಡೆ ಹಿಡಿಯದೆ, ಎರಡೂ ಕೈ ಮೇಲೆತ್ತಿ, ಸುಮ್ಮನೆ ನಿಂತಳು. ಕಪಾಟಿನಿಂದ ಡಬ್ಬಿ ಇಳಿಸುವವಳ ಹಾಗೆ. ಬಹಳ ಹೊತ್ತು ನಿಂತಳು.

"ಹಾ," ಎಂದಳು. "ಹಾಚ್." ಇದೇ.

ಹಿಂದಕ್ಕೆ ಬಿದ್ದದ್ದು ಅವಳಿಗೆ ಎಷ್ಟು ಹೆದರಿಕೆ ಹುಟ್ಟಿಸಿತ್ತು ಎಂಬುದು ನನಗೆ ತಿಳಿದದ್ದು ಆಗ. ಅವಳಿಗೆ ಬೇಕಾದ್ದು ಓಟವಲ್ಲ. ತನ್ನ ಮನೆಯಲ್ಲಿ ಎರಡು ಕೈ ಬಿಟ್ಟು ನಿಲ್ಲುವುದು.

ಇನ್ನು ಶೂ. ಹೀಲ್ ಇಲ್ಲದ ಕರಿ ಸ್ಕೂಲ್ ಶೂ ಅಂಗಡಿಯಲ್ಲಿ ಸಿಗುವುದಿಲ್ಲ, ಕ್ಯಾನ್ವಾಸ್ ಶೂವನ್ನು ಸ್ಕೂಲಿನವರು ಪೀಟಿ ದಿನ ಬಿಟ್ಟರೆ ಒಪ್ಪುವುದಿಲ್ಲ. ಉಲ್ಹಾಸನಗರಕ್ಕೆ ಹೋದೆ. ಅಲ್ಲಿ ಸಿಗದ್ದಿಲ್ಲ, ಸಿಗದಿದ್ದರೆ ಮಾಡಿಕೊಡುತ್ತಾರೆ. ಒಬ್ಬ ಶೂ ಕಾರಿಗರನಿಗೆ ಅಟ್ಟೆ ಹಿಂದೆ ಮುಂದೆ ಒಂದೇ ದಪ್ಪ ಇರಬೇಕೆಂದು ಚಿತ್ರ ಬಿಡಿಸಿ ಕೊಟ್ಟು ಬಂದೆ. ಮುಂದಿನ ವಾರ ತರಲು ಹೋದರೆ ಶೂ ಏನೋ ಸೊಗಸಾಗಿತ್ತು, ಕೆಳಗೆ ಮುದ್ದಾದ ಒಂದು ಹೀಲ್!

"ಯೇ ಕ್ಯಾ ಭೈಯಾ?"

"ಲಡ್ಕಿ ಹೈ ನಾ ಮೇಡಂ," ಎಂದ ಆತ, ಹುಡುಗಿಗೆ ಸ್ವಲ್ಪವಾದರೂ ಹೀಲ್ ಬೇಡವೇ ಎಂಬ ಮಮಕಾರದಲ್ಲಿ. ಪ್ರೀತಿಯಿಂದ ಮಾಡಿದ ತಪ್ಪಿಗೆ ಬೈಯುವುದು ಹೇಗೆ? ಚಹಾ ತರಿಸಿ, ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕುಳಿತು, ಅದನ್ನು ಕೀಳಿಸಿ, ಅಟ್ಟೆಯನ್ನು ನಾನೇ ಅಳೆದು ಪಾಸು ಮಾಡಿ ತಂದೆ.

ಹೊಸ ಪಾದ ಬಂದ ಮೇಲೂ ಎಲ್ಲ ಮರುದಿನವೇ ಸರಿಹೋಗಲಿಲ್ಲ. ತೊಡೆ ನೋವು ಎಂದಳು, ಭಾರದ ಕಾಲಿಗೆ ಸ್ನಾಯು ಒಗ್ಗಬೇಕಿತ್ತು. ಒಂದೆರಡು ಸಂಜೆ ಮತ್ತೆ ಅಜ್ಜಿಯ ಸೊಂಟ ಹುಡುಕಿದಳು. ಅತ್ತೆ "ನನಗೆ ಸೊಂಟ ಹಿಡಿದಿದೆ" ಎಂದು ಮುಖ ತಿರುಗಿಸಿದರು. ಸುಳ್ಳು. ಅದೇ ದಿನ ಅವರು ಅಕ್ಕಿ ಚೀಲ ಎಳೆದದ್ದನ್ನು ನಾನು ನೋಡಿದ್ದೆ. ಮೆಲ್ಲಗೆ ಗುರುತುಗಳು ಹೋದವು. ಪೂಜೆಗೆ ಹೋದೆವು, ಊರಿಗೂ ಹೋಗಿ ಬಂದೆವು. ಅಡುಗೆಮನೆಯಲ್ಲಿ ಅವಳು ಅಜ್ಜಿಯ ಕಾಲಿಗೆ ಅಡ್ಡ ಸಿಕ್ಕಿ ಬೈಸಿಕೊಳ್ಳುವಷ್ಟು ಓಡಾಟ. ಸ್ಕೂಲಿನ ಓಟದಲ್ಲಿ ಕೊನೆಯವಳಾಗಿ ಬಂದಳು, ಅದಕ್ಕೆ ನನಗೆ ಬೇಸರವಾಯಿತು, ಅವಳಿಗೆ ಆಗಲಿಲ್ಲ.

ಮೊನ್ನೆ ಆ ಕಾಲೂ ಗಿಡ್ಡವಾಯಿತು. ಮತ್ತೆ ನೆರೂಳು, ಮತ್ತೆ ಪ್ಲಾಸ್ಟರು. ಅಚ್ಚು ತೆಗೆಯುವ ಕೋಣೆಗೆ ನಾನು ಎಂದಿನಂತೆ ಬ್ಯಾಗು ಹಿಡಿದು ಅವಳ ಹಿಂದೆಯೇ ನುಗ್ಗಿದೆ. ಅವಳು ಬಾಗಿಲಲ್ಲಿ ತಿರುಗಿ ನಿಂತಳು. ಈ ಸಲ ಪೂರ್ತಿ ಕನ್ನಡದಲ್ಲಿ, ನನಗೆ ತಪ್ಪದೆ ಅರ್ಥವಾಗಲಿ ಎಂದೋ ಏನೋ.

"ಅಮ್ಮಾ, ನೀನು ಹೊರಗೆ ಕೂತ್ಕೋ. ನಾನು ಹೇಳ್ತೇನೆ."

ಬಾಗಿಲು ಹಾಕಿಕೊಂಡಳು. ನಾನು ಬೆಂಚಿನ ಮೇಲೆ ಕುಳಿತೆ. ಒಂದು ಕಡೆ ಎದೆ ಉಬ್ಬಿತು, ಇನ್ನೊಂದು ಕಡೆ ಚುರ್ ಎಂದಿತು. ಒಳಗೆ ಕಾಲಿನ ಸರ್ ಏನೋ ಕೇಳುತ್ತಿದ್ದರು, ಅವಳು ಏನೋ ಹೇಳುತ್ತಿದ್ದಳು. ನಡುವೆ ಒಮ್ಮೆ "ನಹೀ ಅಂಕಲ್, ಐಸಾ ನಹೀ" ಎಂದು ತಿದ್ದಿದ್ದು ಕೇಳಿಸಿತು. ಯಾವುದಕ್ಕಾದರೂ ಕರೆಯಬಹುದು ಎಂದು ಕಾದೆ. ಯಾರೂ ನನ್ನನ್ನು ಕರೆಯಲಿಲ್ಲ.